ಬಾಡಿಗೆ ಮನೆ, ಪ್ಲಾಟು, ರೈಸ್ ಮಿಲ್ಲು: ಓಡಾಟದ ಖರ್ಚನ್ನು ಆದಾಯ ತೆರಿಗೆಯಲ್ಲಿ ಎಲ್ಲಿ ಕಳೆಯಬಹುದು

ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಉದ್ಯೋಗದಲ್ಲಿದ್ದು ಬಳ್ಳಾರಿ, ರಾಯಚೂರು ಅಥವಾ ಕೊಪ್ಪಳದಲ್ಲಿ ಆಸ್ತಿ ಇಟ್ಟುಕೊಂಡವರು, ಬಾಡಿಗೆದಾರರು ಬದಲಾದಾಗ, ಮೋಟಾರು ಕೆಟ್ಟಾಗ, ಇ-ಖಾತಾ ಮಾಡಿಸುವಾಗ ಊರಿಗೆ ಬಂದುಹೋಗಲೇಬೇಕಾಗುತ್ತದೆ. ಹಂಪಿ ಎಕ್ಸ್‌ಪ್ರೆಸ್ಸಿನ ಟಿಕೆಟ್, ಕಾರಿನ ಡೀಸೆಲ್, ಟೋಲ್ ಇವೆಲ್ಲವನ್ನೂ ರಿಟರ್ನಿನಲ್ಲಿ ಕಳೆಯಬಹುದೇ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಆ ಆಸ್ತಿಯಿಂದ ಬರುವ ಆದಾಯವನ್ನು ಕಾನೂನು ಯಾವ ಶೀರ್ಷಿಕೆಯಡಿ ಇಡುತ್ತದೆ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಟಿಕೆಟುಗಳನ್ನು ಜೋಡಿಸುವ ಕೆಲಸ ಆಮೇಲಿನದು.

ಮನೆ, ಮಳಿಗೆ, ಗೋದಾಮು ಹೀಗೆ ಕಟ್ಟಡವೊಂದನ್ನು ಬಾಡಿಗೆಗೆ ಕೊಟ್ಟಿದ್ದರೆ ಆ ಬಾಡಿಗೆ ಸಾಮಾನ್ಯವಾಗಿ ‘ಗೃಹ ಆಸ್ತಿಯಿಂದ ಬರುವ ಆದಾಯ’ವಾಗುತ್ತದೆ. ಇಲ್ಲಿ ಪ್ರಯಾಣ ವೆಚ್ಚಕ್ಕೆ ಜಾಗವೇ ಇಲ್ಲ. ಮಾಲೀಕರು ಆ ವರ್ಷ ನಿಜವಾಗಿ ಕಟ್ಟಿದ ನಗರಸಭೆ ಅಥವಾ ಪಾಲಿಕೆಯ ತೆರಿಗೆಯನ್ನು ಬಾಡಿಗೆಯಿಂದ ಕಳೆದು, ಉಳಿದ ಮೊತ್ತದ ಮೇಲೆ 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 24ರಂತೆ ಶೇ. 30ರಷ್ಟನ್ನೂ, ಸಾಲವಿದ್ದರೆ ಅದರ ಬಡ್ಡಿಯನ್ನೂ ಕಳೆಯಬಹುದು. ಅಲ್ಲಿಗೆ ಪಟ್ಟಿ ಮುಗಿಯಿತು. ಉದಾಹರಣೆಗೆ, ಬಳ್ಳಾರಿಯ ಒಂದು ಮನೆಗೆ ತಿಂಗಳಿಗೆ 12,000 ರೂಪಾಯಿಯಂತೆ ವರ್ಷಕ್ಕೆ 1,44,000 ರೂಪಾಯಿ ಬಾಡಿಗೆ ಬಂದು, 4,000 ರೂಪಾಯಿ ಆಸ್ತಿ ತೆರಿಗೆ ಕಟ್ಟಿದ್ದರೆ, 1,40,000ದ ಶೇ. 30 ಅಂದರೆ 42,000 ರೂಪಾಯಿ ತಾನಾಗಿಯೇ ಕಳೆಯುತ್ತದೆ. ನೀವು ಊರಿಗೆ ಹತ್ತು ಸಲ ಬಂದರೂ ಅಷ್ಟೇ, ಒಮ್ಮೆಯೂ ಬಾರದಿದ್ದರೂ ಅಷ್ಟೇ. ಸುಣ್ಣಬಣ್ಣ, ದುರಸ್ತಿ, ಬಾಡಿಗೆ ವಸೂಲಿ, ಓಡಾಟ ಎಲ್ಲವೂ ಈ ಶೇ. 30ರೊಳಗೇ ಅಡಗಿವೆಯೆಂದು ತಿಳಿಯಬೇಕು. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೂ ಬಾಡಿಗೆ ಮನೆಯ ಮೇಲಿನ ಈ ಕಡಿತ ಉಳಿದಿದೆ. ನನ್ನ ಎಣಿಕೆಯಲ್ಲಿ ದೂರದ ಮಾಲೀಕರಿಗೂ ಇದು ನಷ್ಟದ ವ್ಯವಸ್ಥೆಯಲ್ಲ, ಏಕೆಂದರೆ ಒಂದು ರಸೀದಿಯನ್ನೂ ತೋರಿಸಬೇಕಾಗಿಲ್ಲ.

ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯ ನೌಕರರಿಗೆಂದು ನಾಲ್ಕಾರು ಮನೆ ಕಟ್ಟಿಸಿ, ‘ಬಾಡಿಗೆಯೇ ನನ್ನ ವ್ಯಾಪಾರ’ ಎಂದು ವ್ಯವಹಾರದ ಆದಾಯ ತೋರಿಸಿ ಡೀಸೆಲ್ ಖರ್ಚು ಬರೆಯುವ ದಾರಿಯೂ ಈಗ ಮುಚ್ಚಿದೆ. ವಾಸದ ಮನೆಯ ಬಾಡಿಗೆಯನ್ನು ವ್ಯವಹಾರದ ಆದಾಯವೆಂದು ತೋರಿಸುವಂತಿಲ್ಲ ಎಂದು 2024ರ ತಿದ್ದುಪಡಿಯು ಸ್ಪಷ್ಟಪಡಿಸಿದ್ದು, ಅದು 2025ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅಂತರ್ಜಾಲದಲ್ಲಿ ಕಾಣುವ ‘ಪ್ರಯಾಣ ವೆಚ್ಚ ಕ್ಲೇಮ್ ಮಾಡಿ’ ಎಂಬ ಸಲಹೆಗಳಲ್ಲಿ ಹಲವು ಬೇರೆ ದೇಶದವು. ಆಸ್ಟ್ರೇಲಿಯಾದಲ್ಲಿಯೇ ವಾಸದ ಬಾಡಿಗೆ ಮನೆಯ ಓಡಾಟದ ಕಡಿತವನ್ನು ಸಾಮಾನ್ಯ ಹೂಡಿಕೆದಾರರಿಗೆ 2017ರ ಜುಲೈ 1ರಿಂದ ನಿಲ್ಲಿಸಲಾಗಿದೆ.

ನಮ್ಮ ಭಾಗದಲ್ಲಿ ನಿಜವಾಗಿ ಲಾಭವಿರುವ ಕಡೆ ಬೇರೆ. ಗಂಗಾವತಿ, ಸಿಂಧನೂರು ಕಡೆಯ ರೈಸ್ ಮಿಲ್ಲನ್ನೋ ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲನ್ನೋ ಯಂತ್ರಗಳ ಸಮೇತ ಲೀಸಿಗೆ ಕೊಟ್ಟಿದ್ದು, ಕಟ್ಟಡ ಬೇರೆ, ಯಂತ್ರ ಬೇರೆ ಎಂದು ಬಾಡಿಗೆಯನ್ನು ಬಿಡಿಸಲು ಬಾರದಂತಿದ್ದರೆ, ಆ ಆದಾಯ ವ್ಯವಹಾರದ ಶೀರ್ಷಿಕೆಗೆ ಬಾರದಿದ್ದಾಗ ‘ಇತರ ಮೂಲಗಳ ಆದಾಯ’ವಾಗುತ್ತದೆ. ಕಟ್ಟಡವಿಲ್ಲದ ಖಾಲಿ ಜಾಗವನ್ನು ಲಾರಿ ನಿಲ್ಲಿಸಲು ಬಾಡಿಗೆಗೆ ಕೊಟ್ಟಾಗಲೂ ಹಾಗೆಯೇ. ಇಲ್ಲಿ ಶೇ. 30ರ ಸಿದ್ಧ ಕಡಿತ ಸಿಗುವುದಿಲ್ಲ. ಬದಲಿಗೆ ಆ ಆದಾಯವನ್ನು ಗಳಿಸುವುದಕ್ಕಾಗಿಯೇ ಮಾಡಿದ, ಬಂಡವಾಳ ಸ್ವರೂಪದ್ದೂ ಸ್ವಂತದ್ದೂ ಅಲ್ಲದ ವೆಚ್ಚವನ್ನು ಕಲಂ 57ರಡಿ ಕಳೆಯಬಹುದು. ಲೀಸು ನವೀಕರಿಸಲು ಅಥವಾ ಯಂತ್ರ ಪರಿಶೀಲಿಸಲು ಬಂದ ಪ್ರಯಾಣ ಇದರಲ್ಲಿ ಸೇರಬಲ್ಲದು. ಅದೇ ಪ್ರಯಾಣದಲ್ಲಿ ನೆಂಟರ ಮದುವೆ ಮುಗಿಸಿಕೊಂಡು ಹೋದಿರಾದರೆ, ‘ಆದಾಯಕ್ಕಾಗಿಯೇ’ ಎಂಬ ಮಾತು ನಿಲ್ಲುವುದು ಕಷ್ಟ.

ಗದ್ದೆಯನ್ನು ಗುತ್ತಿಗೆಗೆ ಕೊಟ್ಟು ಬರುವ ಹಣ ಕೃಷಿ ಆದಾಯವಾಗಿ ವಿನಾಯಿತಿ ಪಡೆದಿದ್ದರೆ, ಅದಕ್ಕೆ ತಗುಲಿದ ಓಡಾಟವನ್ನು ಬೇರೆ ಆದಾಯದಿಂದ ಕಳೆಯುವಂತಿಲ್ಲ.

ಆಸ್ತಿಯನ್ನು ಮಾರುವಾಗ ಲೆಕ್ಕ ಮತ್ತೆ ಬದಲಾಗುತ್ತದೆ. ಬಂಡವಾಳ ಲಾಭವನ್ನು ಲೆಕ್ಕ ಹಾಕುವಾಗ, ವರ್ಗಾವಣೆಗೆಂದೇ ಪೂರ್ಣವಾಗಿ ಮಾಡಿದ ವೆಚ್ಚವನ್ನು ಕಲಂ 48 ಕಳೆಯಗೊಡುತ್ತದೆ. ದಲ್ಲಾಳಿ ಕಮಿಷನ್, ವಕೀಲರ ಶುಲ್ಕಗಳ ಜೊತೆಗೆ, ಕ್ರಯಪತ್ರಕ್ಕೆ ಸಹಿ ಹಾಕಲು ಉಪನೋಂದಣಾಧಿಕಾರಿ ಕಚೇರಿಗೆ ಬಂದ ಪ್ರಯಾಣವನ್ನೂ ಇಲ್ಲಿ ತೋರಿಸಬಹುದು. ಆದರೆ ಪ್ಲಾಟಿನಲ್ಲಿ ಬೆಳೆದ ಬಳ್ಳಾರಿ ಜಾಲಿಯನ್ನು ಕಡಿಸಲು ವರ್ಷವರ್ಷ ಬಂದುಹೋದದ್ದು ನಿರ್ವಹಣೆಯೇ ಹೊರತು ಮಾರಾಟವಲ್ಲ. ಮಾರುವುದು ಹೊಲವಾದರೆ ದೂರವನ್ನು ಮೊದಲು ಅಳೆಯಬೇಕು. 2011ರ ಜನಗಣತಿಯಂತೆ ಒಂದು ಲಕ್ಷ ದಾಟಿದ ಬಳ್ಳಾರಿ, ರಾಯಚೂರು, ಗಂಗಾವತಿಗಳ ಸ್ಥಳೀಯ ಸಂಸ್ಥೆಯ ಗಡಿಯಿಂದ ನೇರ ಅಳತೆಯಲ್ಲಿ 6 ಕಿ.ಮೀ., ಲಕ್ಷ ಮುಟ್ಟದ ಕೊಪ್ಪಳದ ಗಡಿಯಿಂದ 2 ಕಿ.ಮೀ. ಮೀರಿದ ಕೃಷಿ ಭೂಮಿ, ಬೇರೊಂದು ಪುರಸಭೆಯ ಇಂಥದೇ ವ್ಯಾಪ್ತಿಗೆ ಬಾರದಿದ್ದರೆ, ಬಂಡವಾಳ ಆಸ್ತಿಯೇ ಅಲ್ಲ. ಅಲ್ಲಿ ಈ ತೆರಿಗೆಯೂ ಇಲ್ಲ, ವೆಚ್ಚ ಕಳೆಯುವ ಮಾತೂ ಇಲ್ಲ.

ಜಮೀನನ್ನು ಎನ್‌ಎ (ಕೃಷಿಯೇತರ) ಮಾಡಿಸಿ ಲೇಔಟ್ ಹಾಕಿ ಪ್ಲಾಟು ಮಾರುವುದು ವ್ಯವಹಾರ. ಅಲ್ಲಿ ಕಲಂ 37ರಡಿ ವ್ಯವಹಾರದ ಪ್ರಯಾಣ ಪೂರ್ತಿ ಕಳೆಯುತ್ತದೆ. ಆದರೆ ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ವೆಚ್ಚ ತಿರಸ್ಕೃತವಾಗುತ್ತದೆ. ವಹಿವಾಟಿನ ಇಂತಿಷ್ಟು ಶೇಕಡಾ ಭಾಗವನ್ನೇ ಲಾಭವೆಂದು ತೋರಿಸುವ, ಕಲಂ 44ಎಡಿಯ ಅಂದಾಜು ಲಾಭದ ಪದ್ಧತಿ ಹಿಡಿದವರಿಗೆ ಪ್ರತ್ಯೇಕ ಪ್ರಯಾಣ ವೆಚ್ಚ ಸಿಗದು.

ದಾಖಲೆಯ ವಿಷಯದಲ್ಲಿ ಪೆಟ್ರೋಲ್ ಬಂಕಿನ ಚೀಟಿಯೊಂದೇ ಸಾಲದು, ಅದು ಪ್ರಯಾಣದ ಉದ್ದೇಶವನ್ನು ಹೇಳುವುದಿಲ್ಲ. ಪ್ರತಿ ಪ್ರಯಾಣದ ದಿನಾಂಕ, ಹೊರಟ ಮತ್ತು ತಲುಪಿದ ಊರು, ಯಾವ ಆಸ್ತಿಯ ಯಾವ ಕೆಲಸ, ಯಾರನ್ನು ಕಂಡದ್ದು ಎಂಬುದನ್ನು ಅಂದೇ ಬರೆದಿಟ್ಟು, ರೈಲು ಅಥವಾ ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸಿನ ಟಿಕೆಟ್, ಫಾಸ್ಟ್ಯಾಗ್ ವಿವರ, ಯುಪಿಐ ಪಾವತಿಯ ಪ್ರತಿಗಳನ್ನು ಜೊತೆಗಿಡಬೇಕು. ಯಾವ ಸಾಕ್ಷ್ಯವೂ ಇಲ್ಲದ ವೆಚ್ಚವನ್ನು ತೋರಿಸಿ ಆದಾಯ ಕಡಿಮೆ ಮಾಡಿದರೆ ಕಲಂ 270ಎ ಅದನ್ನು ತಪ್ಪು ವರದಿಯೆಂದು ಎಣಿಸಿ, ಆ ಆದಾಯದ ಮೇಲಿನ ತೆರಿಗೆಯ ಶೇ. 200ರಷ್ಟು ದಂಡ ವಿಧಿಸಲು ಅವಕಾಶ ಕೊಡುತ್ತದೆ.

ಇಲ್ಲಿನ ಕಲಂ ಸಂಖ್ಯೆಗಳು 2026ರ ಮಾರ್ಚ್ 31ರವರೆಗಿನ ಆದಾಯಕ್ಕೆ ಅನ್ವಯಿಸುತ್ತವೆ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಅನ್ವಯಿಸುವುದರಿಂದ, ಆನಂತರದ ಆದಾಯಕ್ಕೆ ಹೊಸ ಸಂಖ್ಯೆಗಳನ್ನೇ ನೋಡಬೇಕು.