ಹಳೇ ಕಂಪ್ಯೂಟರ್: ಇಟ್ಟುಕೊಳ್ಳೋದಾ, ಬದಲಿಸೋದಾ?

ನಮ್ಮ ಮನೆಯ ಡೆಸ್ಕ್‌ಟಾಪ್ 2014ರದ್ದು. ನಾಲ್ಕನೇ ತಲೆಮಾರಿನ ಇಂಟೆಲ್ ಐ3 ಪ್ರೊಸೆಸರ್, 4 ಜಿಬಿ ರ್‍ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಬಡಾವಣೆ ಸಂಘದ ಲೆಕ್ಕಪತ್ರ, ನೋಟಿಸು ಎಲ್ಲವನ್ನೂ ಅಪ್ಪ ಅದರಲ್ಲೇ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುತ್ತಾರೆ. ಒಂದು ದಿನ ಅದು ಮುನಿಸಿಕೊಂಡಿತು. ಆನ್ ಮಾಡಿದ ಕೂಡಲೇ ಕಪ್ಪು ಪರದೆ ಬಂದು ಎಫ್1 ಒತ್ತಿ ಎನ್ನುತ್ತಿತ್ತು. ಬ್ಯಾಂಕಿನ ಪುಟ ತೆರೆಯುತ್ತಲೇ ಇರಲಿಲ್ಲ. ನೋಡಲು ಬಂದ ರಿಪೇರಿಯವನು, ‘ಬೋರ್ಡೇ ಹೋಗಿದೆ ಸಾರ್, ಹೊಸದು ತಗೊಂಡ್ಬಿಡಿ’ ಎಂದ.

ಅವನು ಹೋದ ಮೇಲೆ ಪರದೆಯ ಮೂಲೆಯಲ್ಲಿದ್ದ ತಾರೀಖು ಕಣ್ಣಿಗೆ ಬಿತ್ತು: 2013ರ ಜನವರಿ 1! ಕಂಪ್ಯೂಟರ್ ಆಫ್ ಆಗಿದ್ದಾಗಲೂ ಗಡಿಯಾರ ನಡೆಸುವ ಒಂದು ಸೆಲ್ ಮದರ್‌ಬೋರ್ಡ್ ಮೇಲೆ ಇರುತ್ತದೆ, ನಾಣ್ಯದಂಥದ್ದು. ಹೆಸರು ಸಿಆರ್2032, 3 ವೋಲ್ಟ್. ಅದು ಸತ್ತರೆ ತಾರೀಖು ಹಿಂದಕ್ಕೆ ಹೋಗುತ್ತದೆ. ತಾರೀಖು ತಪ್ಪಿದರೆ ವೆಬ್‌ಸೈಟುಗಳ ಭದ್ರತಾ ಪ್ರಮಾಣಪತ್ರ ಹೊಂದುವುದಿಲ್ಲ, ಬ್ರೌಸರ್ ಬಾಗಿಲು ಹಾಕುತ್ತದೆ. ನೂರು ರೂಪಾಯಿಯೊಳಗೆ ಮುಗಿಯುವ ಕೆಲಸಕ್ಕೆ ಹೊಸ ಕಂಪ್ಯೂಟರ್ ಕೊಳ್ಳುವುದರಲ್ಲಿದ್ದೆವು.

ಆಮೇಲೆ ಸ್ನೇಹಿತರು, ನೆಂಟರು ಯಾರು ಕೇಳಿದರೂ ನಾನು ಮೊದಲು ಹಾಕುವ ಪ್ರಶ್ನೆ ಒಂದೇ: ನಿಮ್ಮ ಕಂಪ್ಯೂಟರ್ ನಿಧಾನವೋ, ಇಲ್ಲಾ ಕೈಕೊಡುತ್ತಿದೆಯೋ? ಇವೆರಡೂ ಬೇರೆ ಬೇರೆ ಕಾಯಿಲೆ. ನಿಧಾನಕ್ಕೆ ಸಾಮಾನ್ಯವಾಗಿ ಅಗ್ಗದ ಮದ್ದಿದೆ. ಕೈಕೊಡುವುದಕ್ಕೆ ಕಾರಣ ಹುಡುಕದೆ ದುಡ್ಡು ಸುರಿಯಬಾರದು.

ಮೊದಲು ಫೈಲುಗಳು

ಕಾರಣ ಹುಡುಕುವುದಕ್ಕೂ ಮೊದಲು ಒಂದು ಕೆಲಸವಿದೆ. ಕಂಪ್ಯೂಟರ್ ಇನ್ನೂ ಆನ್ ಆಗುತ್ತಿರುವಾಗಲೇ ಫೋಟೊ, ಲೆಕ್ಕ, ದಾಖಲೆಗಳನ್ನೆಲ್ಲ ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿ. ಪೆನ್‌ಡ್ರೈವ್ ಸಾಗಿಸಲು ಸರಿ, ವರ್ಷಗಟ್ಟಲೆ ಕಾಪಿಡಲು ಅದನ್ನು ನಂಬಬೇಡಿ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇಲ್ಲೊಂದು ಹೊಂಡವಿದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ರೂಪ ತೊಡಿಸಿದ್ದು) ಮಾಡಿದ ಫೈಲು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ನಕಲು ಮಾಡಿಕೊಂಡಿದ್ದೇವೆ ಎಂದು ಹಳೆಯದನ್ನು ಗುಜರಿಗೆ ಹಾಕಿದ ಮೇಲೆ ಇದು ಗೊತ್ತಾದರೆ ತಲೆ ಮೇಲೆ ಕೈ ಹೊತ್ತು ಕೂರಬೇಕು. ಫಾಂಟುಗಳನ್ನೂ ಫೈಲುಗಳ ಜೊತೆಗೇ ತೆಗೆದಿಟ್ಟುಕೊಳ್ಳಿ. ಮುಖ್ಯವಾದವನ್ನು ಕನ್ವರ್ಟರ್ ಬಳಸಿ, ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಯೂನಿಕೋಡಿಗೆ ಬದಲಿಸಿ, ಒತ್ತಕ್ಷರ, ಅರ್ಕಾವತ್ತು ಸರಿಯಾಗಿವೆಯೇ ಎಂದು ಕಣ್ಣಾಡಿಸಿ. ಅಪ್ಪನ ಹನ್ನೊಂದು ವರ್ಷದ ಕಡತಕ್ಕೆ ನಮಗೆ ಮೂರು ಭಾನುವಾರ ಹಿಡಿಯಿತು.

ಒಂದು ವಾರ ಬರೆದಿಡಿ

ಕಂಪ್ಯೂಟರ್ ಪಕ್ಕದಲ್ಲಿ ಒಂದು ಹಾಳೆ ಇಡಿ. ಯಾವಾಗ ನಿಂತಿತು, ಆಗ ಏನು ಮಾಡುತ್ತಿದ್ದಿರಿ, ಸದ್ದು ಬಂತೇ, ಕರೆಂಟ್ ಹೋಗಿ ಬಂದಿತ್ತೇ? ‘ಆಗಾಗ ಕೆಡುತ್ತೆ’ ಎಂದರೆ ಯಾವ ರಿಪೇರಿಯವನಿಗೂ ಏನೂ ಹೊಳೆಯುವುದಿಲ್ಲ. ‘ಆನ್ ಮಾಡಿ ಅರ್ಧ ಗಂಟೆಗೆ, ವಿಡಿಯೊ ಹಾಕಿದಾಗ ಆಫ್ ಆಗುತ್ತೆ’ ಎಂದರೆ ಕಾಯಿಲೆ ಅರ್ಧ ಸಿಕ್ಕಂತೆ. ಅದು ಹೆಚ್ಚಾಗಿ ಬಿಸಿಯ ತೊಂದರೆ. ಪ್ರೊಸೆಸರ್ ಮೇಲಿನ ಫ್ಯಾನಿಗೆ ದೂಳು ಮೆತ್ತಿರುತ್ತದೆ, ಅದರಡಿಯಲ್ಲಿ ಬಿಸಿ ಸಾಗಿಸುವ ಥರ್ಮಲ್ ಪೇಸ್ಟ್ ಒಣಗಿರುತ್ತದೆ.

ಕರೆಂಟ್ ಹೋದ ತಕ್ಷಣ ಆಫ್ ಆಗುತ್ತಿದ್ದರೆ ಕಂಪ್ಯೂಟರನ್ನು ಬೈಯಬೇಡಿ, ಯುಪಿಎಸ್ ಬ್ಯಾಟರಿ ನೋಡಿ. ಕರೆಂಟ್ ಇದ್ದಾಗಲೂ ತಾನಾಗಿ ಆಫ್ ಆಗುತ್ತಿದ್ದರೆ ಒಂದೆರಡು ದಿನ ಯುಪಿಎಸ್ ಬಿಟ್ಟು ನೇರ ಗೋಡೆಯ ಪ್ಲಗ್ಗಿಗೆ ಹಾಕಿ. ಆಗಲೂ ಆಫ್ ಆಗುವುದು ತಪ್ಪದಿದ್ದರೆ ಮುಂದಿನ ಅನುಮಾನ ಒಳಗಿನ ಭಾಗಗಳಿಗೆ ವಿದ್ಯುತ್ ಕೊಡುವ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್ ಮೇಲೆ. ಅದನ್ನು ಬಿಚ್ಚುವ ಸಾಹಸ ಮಾತ್ರ ಮನೆಯಲ್ಲಿ ಬೇಡ. ಪ್ಲಗ್ ತೆಗೆದ ಮೇಲೂ ಒಳಗೆ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರಬಹುದು. ಹಾಗೇ ಇಡಿಯಾಗಿ ಬದಲಿಸಿಕೊಳ್ಳಿ.

ಡಬ್ಬ ತೆರೆದು

ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು ಬಿಡಿ. ಪಕ್ಕದ ತಗಡು ತೆಗೆಯಿರಿ. ಮೆತ್ತನೆಯ ಬಣ್ಣದ ಬ್ರಷ್ಷಿನಿಂದ ದೂಳು ಒರೆಸಿ. ಆನ್ ಮಾಡಿದಾಗ ಬೀಪ್ ಬೀಪ್ ಎಂದು ಪರದೆ ಬಾರದಿದ್ದರೆ ರ್‍ಯಾಮ್ ಪಟ್ಟಿಯ ಎರಡೂ ತುದಿಯ ಚಿಲಕ ಸರಿಸಿ ಹೊರತೆಗೆಯಿರಿ. ಅದರ ಬಂಗಾರದ ಬಣ್ಣದ ಅಂಚನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಊದಿ, ಟಕ್ ಎನ್ನುವವರೆಗೆ ಮತ್ತೆ ಕೂರಿಸಿ. ಕರಾವಳಿ, ಮಲೆನಾಡಿನ ತೇವದ ಮನೆಗಳಲ್ಲಿ ಇಷ್ಟಕ್ಕೇ ಎದ್ದು ಕೂರುವ ಕಂಪ್ಯೂಟರುಗಳಿವೆ.

ಬೋರ್ಡ್ ಮೇಲೆ ಪುಟಾಣಿ ಡ್ರಮ್ಮುಗಳಂತೆ ನಿಂತಿರುವ ಕೆಪಾಸಿಟರುಗಳನ್ನೂ ನೋಡಿ. ತಲೆ ಸಪಾಟಾಗಿರಬೇಕು. ಉಬ್ಬಿದ್ದರೆ ಅಥವಾ ಕಂದು ಅಂಟು ಸೋರಿದ್ದರೆ ಬೋರ್ಡಿನ ಆಯಸ್ಸು ಮುಗಿಯುತ್ತ ಬಂದಿದೆ. ಹತ್ತು ವರ್ಷದ ಬೋರ್ಡಿಗೆ ಬದಲಿ ಹುಡುಕಿ ಬೆಂಗಳೂರಿನ ಎಸ್.ಪಿ. ರೋಡ್ ಅಲೆದರೆ ಸಿಗಬಹುದು, ಆದರೆ ಅದೂ ಯಾರೋ ಬಳಸಿ ಬಿಟ್ಟದ್ದೇ. ನನ್ನ ಲೆಕ್ಕದಲ್ಲಿ ಮದರ್‌ಬೋರ್ಡ್ ಹೋದರೆ ರಿಪೇರಿಯ ಮಾತು ಅಲ್ಲಿಗೆ ಮುಗಿಯಿತು.

ಡಿಸ್ಕಿನ ನಾಡಿ

ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಡಿಸ್ಕಿನ ಆರೋಗ್ಯವನ್ನು ಬಣ್ಣದಲ್ಲೇ ಹೇಳುತ್ತದೆ. ನೀಲಿ ಇದ್ದರೆ ಸದ್ಯಕ್ಕೆ ಚೆನ್ನಾಗಿದೆ, ಹಳದಿ ಎಂದರೆ ಎಚ್ಚರ, ಕೆಂಪು ಎಂದರೆ ಹೊರಟು ನಿಂತಿದೆ. ಹಳದಿ ಬಂದ ಡಿಸ್ಕನ್ನು ರಿಪೇರಿ ಮಾಡಿಸುವ ಪ್ರಶ್ನೆಯೇ ಇಲ್ಲ, ಬದಲಿಸಬೇಕು. ಅದರ ಜಾಗಕ್ಕೆ ಚಿಪ್ಪುಗಳಲ್ಲಿ ಫೈಲು ಇಡುವ ಎಸ್‌ಎಸ್‌ಡಿ ಹಾಕಿಸಿ. ಹಾರ್ಡ್ ಡಿಸ್ಕ್ ಸೆಕೆಂಡಿಗೆ ನೂರು–ನೂರೈವತ್ತು ಎಂಬಿ ಓದಿದರೆ ಸಾಟಾ ಎಸ್‌ಎಸ್‌ಡಿ ಐನೂರರ ಆಸುಪಾಸು ಓದುತ್ತದೆ. ಚದುರಿ ಬಿದ್ದ ಸಣ್ಣ ಸಣ್ಣ ಫೈಲುಗಳಲ್ಲಿ ಅಂತರ ಇನ್ನೂ ಹೆಚ್ಚು, ಏಕೆಂದರೆ ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಓಡಾಡುವ ಸೂಜಿಯೂ ಇಲ್ಲ. ನಮ್ಮ ಮನೆಯದು ಆನ್ ಆಗುವಷ್ಟರಲ್ಲಿ ಅಪ್ಪ ಕಾಫಿ ಕುಡಿದು ಬರುತ್ತಿದ್ದರು. ಈಗ ಲೋಟ ಕೈಗೆ ಬರುವ ಮೊದಲೇ ತಯಾರಿರುತ್ತದೆ.

ವಿಂಡೋಸ್ ಎಂಬ ಗಂಟು

ಯಂತ್ರ ಗಟ್ಟಿಯಿದ್ದರೂ ಬದಲಿಸುವ ಒತ್ತಡ ಬರುವುದು ಇಲ್ಲಿಂದ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆಯವರಿಗೆ ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ, ನೋಂದಾಯಿಸಿಕೊಂಡರೆ ಭದ್ರತಾ ಅಪ್‌ಡೇಟ್ ಕೊಡುವುದಾಗಿ ಅದು ಹೇಳಿತ್ತು. ಅಪ್‌ಡೇಟ್ ನಿಂತ ಕಂಪ್ಯೂಟರ್ ಮಾರನೆಯ ದಿನವೇ ಕೆಡುವುದಿಲ್ಲ. ಆದರೆ ಅದರಲ್ಲಿ ಬ್ಯಾಂಕ್ ವ್ಯವಹಾರ ಮಾಡಬೇಡಿ.

ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಹೊಸದು, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ, ಕನಿಷ್ಠ 4 ಜಿಬಿ ರ್‍ಯಾಮ್ ಬೇಕು. (4 ಜಿಬಿಯಲ್ಲಿ ಅದನ್ನು ಓಡಿಸುವುದು ಎತ್ತಿನ ಗಾಡಿಗೆ ಲಾರಿ ಲೋಡು ಹೇರಿದಂತೆ, 8 ಇರಲಿ.) ಮೈಕ್ರೊಸಾಫ್ಟಿನದೇ ಪಿಸಿ ಹೆಲ್ತ್ ಚೆಕ್ ತಂತ್ರಾಂಶ ಆಗುತ್ತದೋ ಇಲ್ಲವೋ ಹೇಳಿಬಿಡುತ್ತದೆ.

ಆಗದಿದ್ದರೆ ವಿಂಡೋಸ್ ಬದಲಿಗೆ ಹಾಕಿಕೊಳ್ಳಲು ಲಿನಕ್ಸ್ ಮಿಂಟ್ ಇದೆ. ಬಿಟ್ಟಿ, ಹಳೇ ಯಂತ್ರದಲ್ಲೂ ಹಗುರ, ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಉಂಟು. ನುಡಿ ಅದರಲ್ಲಿ ನೇರವಾಗಿ ಓಡುವುದಿಲ್ಲ, ಆದರೆ ನುಡಿಯಲ್ಲಿರುವ ಕಗಪ ಕೀಲಿಮಣೆ ವಿನ್ಯಾಸ ಸಿಗುತ್ತದೆ, ಬೆರಳಿನ ಅಭ್ಯಾಸ ಬದಲಿಸಬೇಕಿಲ್ಲ. ಟ್ಯಾಲಿಯಂಥ ವಿಂಡೋಸ್ ತಂತ್ರಾಂಶವನ್ನೇ ನೆಚ್ಚಿದವರಿಗೆ ಮಾತ್ರ ಈ ದಾರಿ ಬೇಡ.

ಕೊನೆಗೆ ಲೆಕ್ಕ

ರಿಪೇರಿಗೆ ತಗಲುವ ಒಟ್ಟು ಖರ್ಚನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಹೊಸದರ ಬೆಲೆಯ ಮೂರನೇ ಒಂದು ಭಾಗ ದಾಟಿದರೆ ನಾನು ಕೈಬಿಡುತ್ತೇನೆ. ಹೊಸದರ ಲೆಕ್ಕ ಹಾಕುವಾಗ ಪ್ರಿಂಟರನ್ನು ಮರೆಯಬೇಡಿ. ಹಳೇ ಪ್ರಿಂಟರಿಗೆ ಹೊಸ ವಿಂಡೋಸ್‌ನ ಡ್ರೈವರ್ ಸಿಗದೆ ಅದನ್ನೂ ಕೊಂಡವರಿದ್ದಾರೆ. 2025ರ ಕೊನೆಯಿಂದ ರ್‍ಯಾಮ್ ಬೆಲೆ ಏರಿದೆ, ಹಾಗಾಗಿ ಹೋದ ವರ್ಷ ಪಕ್ಕದ ಮನೆಯವರು ಕೊಟ್ಟ ಬೆಲೆ ಹಿಡಿದು ಅಂಗಡಿಗೆ ಹೋದರೆ ಜಗಳವೇ ಆದೀತು.

ನಮ್ಮದಕ್ಕೆ ಹೊಸ ಸೆಲ್, ಎಸ್‌ಎಸ್‌ಡಿ, ಬಳಸಿದ ಇನ್ನೊಂದು 4 ಜಿಬಿ ಡಿಡಿಆರ್3 ರ್‍ಯಾಮ್ ಬಿತ್ತು, ಮೇಲೆ ಮಿಂಟ್. ಬದಲಿಸಲೇಬೇಕಾಗಿ ಬಂದವರು ಹಳೆಯದನ್ನು ತೂಕದ ಗುಜರಿಯವನಿಗೆ ಹಾಕದೆ ಇ–ತ್ಯಾಜ್ಯ ಸಂಗ್ರಹ ಕೇಂದ್ರಕ್ಕೋ ಎಕ್ಸ್‌ಚೇಂಜಿಗೋ ಕೊಡಿ. ಕೊಡುವ ಮುಂಚೆ ಡಿಸ್ಕ್ ಬಿಚ್ಚಿ ಇಟ್ಟುಕೊಳ್ಳಿ. ಬರೀ ಫಾರ್ಮ್ಯಾಟ್ ಮಾಡಿದ ಡಿಸ್ಕಿನಿಂದ ಫೈಲು ಮತ್ತೆ ತೆಗೆಯಬಹುದು. ನಮ್ಮ ಹಳೇ 500 ಜಿಬಿ ಈಗ ಅಪ್ಪನ ಬೀರುವಿನಲ್ಲಿ, ಮನೆ ಪತ್ರಗಳ ಕೆಳಗಿದೆ.