ಮೊದಲು ಗಾಡಿ, ಆಮೇಲೆ ಊಟ: ಒಬ್ಬ ಟ್ಯಾಂಕ್ ಚಾಲಕನ ಅನುಭವ

ಟ್ಯಾಂಕ್ ಚಾಲಕನ ಕೆಲಸದಲ್ಲಿ ಓಡಿಸುವುದು ಕಡಿಮೆ, ಸಂಬಾಳಿಸುವುದೇ ಹೆಚ್ಚು. ಸೇನೆಯಿಂದ ನಿವೃತ್ತನಾಗಿ ಬಂದ ಮೇಲೆ ಜನ ನನ್ನನ್ನು ಕೇಳುವುದು ಎರಡೇ: ಟ್ಯಾಂಕ್ ಎಷ್ಟು ಜೋರಾಗಿ ಓಡುತ್ತದೆ, ಅದರ ಗುಂಡು ಎಷ್ಟು ದೂರ ಹೋಗುತ್ತದೆ. ಎಂಜಿನ್‌ಗೆ ಹೋಗುವ ಗಾಳಿಯ ಧೂಳು ಸೋಸುವ ಏರ್ ಕ್ಲೀನರ್ ಬಗ್ಗೆ ಇದುವರೆಗೆ ಯಾರೂ ಕೇಳಿಲ್ಲ. ಒಂದು ರೆಜಿಮೆಂಟಿನ ಬಲ ಇರುವುದು ಅಲ್ಲಿ ಎಂಬುದು ನನ್ನ ದೃಢವಾದ ನಂಬಿಕೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಸವಾರನಾಗಿ ಸೇರಿದವನು. ಕುದುರೆಗಳು ಹೋಗಿ ಎಷ್ಟೋ ಕಾಲವಾದರೂ ಕವಚ ದಳದಲ್ಲಿ, ಅಂದರೆ ಟ್ಯಾಂಕ್ ಪಡೆಯಲ್ಲಿ, ಸಿಪಾಯಿಯನ್ನು ಇಂದಿಗೂ ಸವಾರ ಎಂದೇ ಕರೆಯುತ್ತಾರೆ. ಅವನ ಮೇಲೆ ದಫೇದಾರ, ಅದರ ಮೇಲೆ ರಿಸಾಲ್ದಾರ. ಅಹಮದ್‌ನಗರದ (ಈಗಿನ ಅಹಿಲ್ಯಾನಗರ) ತರಬೇತಿ ಕೇಂದ್ರದಲ್ಲಿ ಚಾಲನೆ ಕಲಿತು ರೆಜಿಮೆಂಟಿಗೆ ಬಂದಾಗ ನನಗೆ ಸಿಕ್ಕಿದ್ದು ಟಿ-55 ಟ್ಯಾಂಕ್. ನನ್ನ ಟ್ಯಾಂಕ್ ಕಮಾಂಡರ್ ಆಗಿದ್ದ ದಫೇದಾರರು ಮೊದಲ ದಿನವೇ ಒಂದು ಮಾತು ಹೇಳಿದರು: "ಮೊದಲು ಗಾಡಿ, ಆಮೇಲೆ ಊಟ." ಕುದುರೆಗೆ ನೀರು, ಮೇವು ಕೊಟ್ಟು ಮೈ ಉಜ್ಜುವವರೆಗೆ ಸವಾರ ತಾನು ಊಟಕ್ಕೆ ಕೂರಬಾರದು ಎಂಬ ಹಳೆಯ ರಿಸಾಲೆಯ (ಕುದುರೆ ದಳದ) ಕಟ್ಟಳೆಯೇ ಇದು. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗಿನ ಇಸ್ರೇಲಿನ ಹೈಫಾದಲ್ಲಿ ಜೋಧಪುರದ ಸವಾರರ ಜೊತೆ ಕಾದಿದ ನಮ್ಮ ಮೈಸೂರು ಲ್ಯಾನ್ಸರ್ಸ್ ದಳದವರೂ ಇದೇ ಕಟ್ಟಳೆಯಲ್ಲಿ ಬೆಳೆದವರು. ಕಾರ್ಮೆಲ್ ಬೆಟ್ಟದ ಏರಿನಲ್ಲಿದ್ದ ಫಿರಂಗಿಗಳ ಮೇಲೆ ಅವರು ಏರಿಹೋದದ್ದನ್ನು ಎಲ್ಲರೂ ಹೇಳುತ್ತಾರೆ. ಆ ಕುದುರೆಗಳನ್ನು ಅಂಥ ಏರು ಹತ್ತುವ ಸ್ಥಿತಿಯಲ್ಲಿ ಇಟ್ಟಿದ್ದವರ ಶ್ರಮವನ್ನೂ ಹೇಳಬೇಕು.

ಒಂದು ಕವಚ ರೆಜಿಮೆಂಟಿನಲ್ಲಿ 45 ಟ್ಯಾಂಕುಗಳು. ಮೂರು ಸ್ಕ್ವಾಡ್ರನ್, ತಲಾ 14 ಟ್ಯಾಂಕ್. ಉಳಿದ ಮೂರು ಮುಖ್ಯಾಲಯದ್ದು. ರಿಪೇರಿಗೆ ಇಎಂಇ (ಸೇನೆಯ ಯಂತ್ರ ರಿಪೇರಿ ದಳ) ತಂಡ ಜೊತೆಗೇ ಇರುತ್ತದೆ. ಆದರೆ ದಿನನಿತ್ಯದ ಆರೈಕೆ ಟ್ಯಾಂಕಿನ ಒಳಗೆ ಕೂರುವವರದೇ.

ಟಿ-55ರಲ್ಲಿ ನಾವು ನಾಲ್ವರು: ಕಮಾಂಡರ್, ಗನ್ನರ್, ಲೋಡರ್, ಚಾಲಕ. ಆಮೇಲೆ ಟಿ-72 ಬಂತು. ಚೆನ್ನೈ ಬಳಿಯ ಆವಡಿ ಕಾರ್ಖಾನೆಯಲ್ಲಿ ತಯಾರಾದ ಈ ಟ್ಯಾಂಕಿಗೆ ನಮ್ಮಲ್ಲಿ ಅಜೇಯ ಎಂದು ಹೆಸರು. 41 ಟನ್ ತೂಕ, 780 ಅಶ್ವಶಕ್ತಿಯ ಎಂಜಿನ್, 125 ಮಿಲಿಮೀಟರ್ ತೋಪು. ಗುಂಡು ತುಂಬುವುದು ಯಂತ್ರದ ಕೆಲಸ. ಟರೆಟ್ಟಿನ (ತೋಪು ಕೂರಿಸಿದ, ತಿರುಗುವ ಮೇಲ್ಭಾಗ) ತಳದಲ್ಲಿ 22 ಗುಂಡುಗಳು ವೃತ್ತಾಕಾರವಾಗಿ ಜೋಡಿಸಿರುತ್ತವೆ. ಗನ್ನರ್ ಬೇಕಾದ ಬಗೆಯನ್ನು ಆರಿಸಿದರೆ ಆ ತಟ್ಟೆ ತಿರುಗಿ, ಮೊದಲು ಗುಂಡು, ಅದರ ಹಿಂದೆ ಮದ್ದು, ಎರಡೂ ನಳಿಕೆಯೊಳಗೆ ಸೇರುತ್ತವೆ. ಹಾರಿಸಿದ ಮೇಲೆ ಉಳಿಯುವ ಲೋಹದ ಬುಡ ಟರೆಟ್ಟಿನ ಹಿಂಬದಿಯ ಕಿಂಡಿಯಿಂದ ಹೊರಗೆ ಬೀಳುತ್ತದೆ. ಹೀಗಾಗಿ ಲೋಡರ್ ಬೇಕಿಲ್ಲ, ಮೂವರೇ ಸಾಕು.

ಯುದ್ಧಕ್ಕೆ ಮೂವರು ಸಾಕು, ನಿಜ. ಆರೈಕೆಗೆ ಸಾಲದು. ಇದನ್ನು ಕಾಗದದ ಮೇಲೆ ಯಾರೂ ಲೆಕ್ಕ ಹಾಕುವುದಿಲ್ಲ. ಫೈರಿಂಗ್ ಮುಗಿದ ಮೇಲೆ ಆರು ಮೀಟರ್ ಉದ್ದದ ನಳಿಕೆಯನ್ನು ಶುಚಿ ಮಾಡುವಾಗ, ರಾತ್ರಿ ಸರದಿಯಲ್ಲಿ ಕಾವಲಿರುವಾಗ, ಟ್ರ್ಯಾಕ್ (ಚಕ್ರಗಳನ್ನು ಸುತ್ತುವ ಉಕ್ಕಿನ ಪಟ್ಟಿ) ಬಿಚ್ಚುವಾಗ ನಾಲ್ಕನೆಯವನ ಎರಡು ಕೈಗಳ ಬೆಲೆ ತಿಳಿಯುತ್ತದೆ. ಟಿ-72 ಹೆಚ್ಚು ಸಮರ್ಥವಾದ ಟ್ಯಾಂಕ್ ಎನ್ನುವುದರಲ್ಲಿ ನನಗೆ ಸಂಶಯವಿಲ್ಲ. ಆದರೂ ಮರಳಿನಲ್ಲಿ ಟ್ರ್ಯಾಕ್ ಕಳಚಿದಾಗ ನಾನು ನೆನೆಸಿಕೊಂಡದ್ದು ಟಿ-55ರ ಲೋಡರ್‌ನನ್ನೇ.

ಟ್ರ್ಯಾಕ್ ಕಳಚುವುದು ಹೆಚ್ಚಾಗಿ ಮರಳುದಿಬ್ಬದ ಇಳಿಜಾರಿನಲ್ಲಿ ಅಡ್ಡವಾಗಿ ಹೋಗುತ್ತಾ ಥಟ್ಟನೆ ತಿರುಗಿಸಿದಾಗ. ಈ ಟ್ಯಾಂಕುಗಳಿಗೆ ಸ್ಟಿಯರಿಂಗ್ ಚಕ್ರ ಇಲ್ಲ, ಎರಡು ಲಿವರ್‌ಗಳಿವೆ. ಎಡದ್ದನ್ನು ಎಳೆದರೆ ಎಡಗಡೆಯ ಟ್ರ್ಯಾಕ್ ನಿಧಾನವಾಗಿ ಗಾಡಿ ಅತ್ತ ತಿರುಗುತ್ತದೆ. ಮರಳಿನಲ್ಲಿ ಒಮ್ಮೆಲೇ ಎಳೆಯಬಾರದು. ಸ್ವಲ್ಪ ಎಳೆದು, ಬಿಟ್ಟು, ಮತ್ತೆ ಎಳೆದು ತಿರುಗಿಸಬೇಕು. ಕಳಚಿಯೇ ಬಿಟ್ಟರೆ ಪಿನ್ನನ್ನು ಸುತ್ತಿಗೆಯಿಂದ ಬಡಿದು ತೆಗೆದು ಟ್ರ್ಯಾಕನ್ನು ನೆಲದ ಮೇಲೆ ಹಾಸುತ್ತೇವೆ. ಗಾಡಿಯನ್ನು ಅದರ ಮೇಲೆ ನೇರವಾಗಿ ತಂದು, ಉಕ್ಕಿನ ಹಗ್ಗದ ಒಂದು ತುದಿಯನ್ನು ಟ್ರ್ಯಾಕಿಗೆ ಕಟ್ಟಿ ಇನ್ನೊಂದನ್ನು ಹಿಂದಿನ ಹಲ್ಲುಚಕ್ರಕ್ಕೆ ಸುತ್ತುತ್ತೇವೆ. ಚಕ್ರ ಮೆಲ್ಲಗೆ ತಿರುಗಿದಂತೆ ಟ್ರ್ಯಾಕ್ ತಾನೇ ಮೇಲೆ ಬರುತ್ತದೆ. ಆ ಹೊತ್ತಿನಲ್ಲಿ ಚಾಲಕನ ಕಣ್ಣು ಮುಂದೆ ನಿಂತು ಕೈಸನ್ನೆ ಮಾಡುವ ಒಬ್ಬನ ಮೇಲೆ ಮಾತ್ರ ಇರಬೇಕು. ಇಬ್ಬರು ಸನ್ನೆ ಮಾಡಲು ನಿಂತರೆ ನಾನು ಎಂಜಿನ್ ನಿಲ್ಲಿಸಿಬಿಡುತ್ತಿದ್ದೆ. ಯಾರದಾದರೂ ಬೆರಳು ಸಿಕ್ಕಿಕೊಳ್ಳಲು ಕ್ಷಣ ಸಾಕು.

ಇನ್ನು ಏರ್ ಕ್ಲೀನರ್. ರಾಜಸ್ಥಾನದ ಮರುಭೂಮಿಯಲ್ಲಿ ಒಂದರ ಹಿಂದೆ ಒಂದು ಟ್ಯಾಂಕ್ ಹೊರಟಾಗ ಹಿಂದಿನವನಿಗೆ ಕಾಣುವುದು ಧೂಳಿನ ಗೋಡೆ. ಆ ಧೂಳನ್ನೇ ಎಂಜಿನ್ ಉಸಿರಾಡಬೇಕು. ಏರ್ ಕ್ಲೀನರ್ ದಪ್ಪ ಕಣಗಳನ್ನು ಗಾಳಿಯ ಸುಳಿಯಲ್ಲಿ ಬೇರ್ಪಡಿಸುತ್ತದೆ, ಉಳಿದ ನಯವಾದ ಪುಡಿಯನ್ನು ತಂತಿಜಾಲರಿಯ ಕ್ಯಾಸೆಟ್‌ಗಳು ಹಿಡಿಯುತ್ತವೆ. ಆ ಕ್ಯಾಸೆಟ್‌ಗಳನ್ನು ಹೊರತೆಗೆದು ಡೀಸೆಲ್‌ನಲ್ಲಿ ತೊಳೆದು, ಎಣ್ಣೆಯಲ್ಲಿ ಅದ್ದಿ, ಸೋರಿಸಿ ಮತ್ತೆ ಕೂರಿಸಬೇಕು. ತೊಳೆದ ಡೀಸೆಲ್‌ನ ತಳದಲ್ಲಿ ಬೆರಳಾಡಿಸಿದರೆ ಸಿಗುವುದು ಗೋಧಿಹಿಟ್ಟಿನಷ್ಟು ನಯವಾದ ಮರಳು. ಅದು ಒಳಗೆ ಹೋದರೆ ಸಿಲಿಂಡರ್ ಸವೆದು ಎಂಜಿನ್ ಶಕ್ತಿ ಕಳೆದುಕೊಳ್ಳುತ್ತದೆ, ಎಣ್ಣೆ ಕುಡಿಯಲು ಶುರು ಮಾಡುತ್ತದೆ. ಕ್ಯಾಸೆಟ್ ಕೂರಿಸಿದ ಮೇಲೆ ಅಂಚಿನ ಸೀಲಿನ ಸುತ್ತ ನಾನು ಯಾವಾಗಲೂ ಬೆರಳಿನಿಂದ ತಡವಿ ನೋಡುತ್ತಿದ್ದೆ. ಕಣ್ಣಿಗೆ ಕಾಣದ ಸಂದು ಬೆರಳಿಗೆ ಸಿಗುತ್ತದೆ.

ಚಾಲೂ ಮಾಡುವುದಕ್ಕೂ ಕ್ರಮವಿದೆ. ಸ್ಟಾರ್ಟರ್ ಒತ್ತುವ ಮೊದಲು ಎಣ್ಣೆ ಪಂಪಿನ ಗುಂಡಿ ಒತ್ತಿ, ಒತ್ತಡದ ಮುಳ್ಳು ಬೇಕಾದ ಗುರುತಿಗೆ ಏರುವವರೆಗೆ ಕಾಯಬೇಕು. ರಾತ್ರಿಯಿಡೀ ನಿಂತ ಎಂಜಿನ್‌ನ ಬೇರಿಂಗುಗಳಿಗೆ ಆಗ ಎಣ್ಣೆ ಮುಟ್ಟುತ್ತದೆ. ಈ ಕೆಲವು ಕ್ಷಣ ಕಾಯುವ ತಾಳ್ಮೆ ಇಲ್ಲದವನಿಗೆ ನಾನು ಗಾಡಿ ಕೊಡುತ್ತಿರಲಿಲ್ಲ.

ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ, 1948ರಲ್ಲಿ, ಕಾಶ್ಮೀರದಿಂದ ಲಡಾಖಿಗೆ ಹೋಗುವ ಜೋಜಿ ಲಾ ಕಣಿವೆಯಲ್ಲಿ ನಡೆದ ಕಥೆಯನ್ನು ನಾನು ಚಾಲಕನ ಕಣ್ಣಿನಿಂದಲೇ ಓದುತ್ತೇನೆ. ಕೊಡಗಿನವರಾದ ತಿಮ್ಮಯ್ಯನವರ ಯೋಜನೆಯಂತೆ 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ನವೆಂಬರ್ 1ರಂದು ಹನ್ನೊಂದು ಸಾವಿರ ಅಡಿಗೂ ಮೇಲಿನ ಕಣಿವೆಯನ್ನು ದಾಟಿದವು. ಗುಟ್ಟು ಬಯಲಾಗದಿರಲೆಂದು ಟರೆಟ್ ಬಿಚ್ಚಿ ಅವುಗಳನ್ನು ಶ್ರೀನಗರಕ್ಕೆ ಸಾಗಿಸಿದ್ದರು. ಬಾಲ್ತಾಲ್‌ನಿಂದ ಮೇಲಕ್ಕೆ ದಾರಿ ಕಡಿದವರು ಬೆಂಗಳೂರಿನಲ್ಲಿ ಕೇಂದ್ರವಿರುವ ಮದ್ರಾಸ್ ಸ್ಯಾಪರ್‌ಗಳು (ಸೇನೆಯ ಎಂಜಿನಿಯರ್ ದಳ). ಬಿಚ್ಚಿದ ಟರೆಟ್ಟನ್ನು ಮತ್ತೆ ಕೂರಿಸಿ, ತೋಪು ಮತ್ತು ದೂರದರ್ಶಕ ಒಂದೇ ಬಿಂದುವನ್ನು ನೋಡುವಂತೆ ಹೊಂದಿಸಿ, ಹಿಮದ ಚಳಿಯಲ್ಲಿ, ಎಂಜಿನ್‌ಗೇ ಉಸಿರು ಸಾಲದ ಎತ್ತರದಲ್ಲಿ ಅವನ್ನು ಓಡಿಸಿದವರ ಮುಂದೆ ನಾನು ತಲೆಬಾಗುತ್ತೇನೆ.

ಅಹಮದ್‌ನಗರದಲ್ಲಿ ಪೂನಾ ಹಾರ್ಸ್ ರೆಜಿಮೆಂಟಿನ ಸೆಂಚುರಿಯನ್ ಟ್ಯಾಂಕ್ 'ಫಮಗುಸ್ತಾ' ಇದೆ. 1971ರ ಡಿಸೆಂಬರ್ 16ರಂದು ಪಾಕಿಸ್ತಾನದ ವಿರುದ್ಧದ ಬಸಂತರ್ ಕದನದಲ್ಲಿ 21 ವರ್ಷದ ಅರುಣ್ ಖೇತ್ರಪಾಲ್ ಕೊನೆಯವರೆಗೂ ಕಾದಿದ್ದು ಅದರಲ್ಲೇ. ಟ್ಯಾಂಕಿಗೆ ಬೆಂಕಿ ಹತ್ತಿದೆ, ಹೊರಬನ್ನಿ ಎಂಬ ಆದೇಶ ಬಂದಾಗ ತನ್ನ ತೋಪು ಇನ್ನೂ ಕೆಲಸ ಮಾಡುತ್ತಿದೆ ಎಂದು ಅವರು ರೇಡಿಯೋದಲ್ಲಿ ಉತ್ತರಿಸಿದರು. ಅವರ ಧೈರ್ಯಕ್ಕೆ ಪರಮವೀರ ಚಕ್ರ ಸಂದಿತು. ಪೆಟ್ಟು ತಿಂದ ಮೇಲೂ ಆ ತೋಪು ಕೆಲಸ ಮಾಡಿತಲ್ಲ, ಅದರ ಹಿಂದೆ ಅದನ್ನು ದಿನವೂ ಉಜ್ಜಿ, ಎಣ್ಣೆ ಹಚ್ಚಿ, ಹೊಂದಿಸಿ ಇಟ್ಟ ಕೈಗಳಿದ್ದವು.

ನಾನು ಚಾಲಕರಿಗೆ ಕಲಿಸುವ ಕೆಲಸಕ್ಕೆ ಬಂದ ಮೇಲೆ ಹೊಸ ಹುಡುಗರು ಟಿ-90ರ ಕಡೆ ಹೊರಟರು. 1000 ಅಶ್ವಶಕ್ತಿ ಎಂದು ಅವರಿಗೆ ಹುರುಪು. ಆಗ ನಾನು ಎಂಜಿನ್‌ನ ವಂಶಾವಳಿಯನ್ನೇ ಹೇಳುತ್ತಿದ್ದೆ: ಎರಡನೆಯ ಮಹಾಯುದ್ಧದ ಟಿ-34ರಲ್ಲಿ 500, ಟಿ-55ರಲ್ಲಿ 580, ಟಿ-72ರಲ್ಲಿ 780, ಈಗ 1000. ಮೂಲದಲ್ಲಿ ಅದೇ ಹನ್ನೆರಡು ಸಿಲಿಂಡರ್‌ಗಳ ಡೀಸೆಲ್ ಎಂಜಿನ್. ಶಕ್ತಿ ಹೆಚ್ಚಿದಷ್ಟೂ ಅದು ಎಳೆದುಕೊಳ್ಳುವ ಗಾಳಿ ಹೆಚ್ಚು, ಗಾಳಿಯ ಜೊತೆ ಬರುವ ಧೂಳೂ ಹೆಚ್ಚು. ಅಷ್ಟು ಹೇಳಿ ಅವರನ್ನು ಎಂಜಿನ್ ಮುಚ್ಚಳದ ಮೇಲೆ ಹತ್ತಿಸಿ, ಮೊದಲ ಪಾಠವಾಗಿ ಏರ್ ಕ್ಲೀನರ್ ಬಿಚ್ಚಿಸುತ್ತಿದ್ದೆ.