ಖಾಲಿ ಗಣಿಗೆ ಬೂದಿ ತುಂಬುವ ಮೊದಲು ನೀರು ನೋಡಿ

ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಜಾಸ್ತಿ. ವಿದ್ಯುತ್ ಸ್ಥಾವರದಲ್ಲಿ 100 ಟನ್ ಸುಟ್ಟರೆ ಸುಮಾರು 30ರಿಂದ 40 ಟನ್ ಬೂದಿ ಉಳಿಯುತ್ತದೆ. ಸಿಮೆಂಟ್, ಇಟ್ಟಿಗೆ, ರಸ್ತೆಗೆ ಹೋಗಿ ಮಿಕ್ಕಿದ್ದು ಕಟ್ಟೆ ಕಟ್ಟಿ ಮಾಡಿದ ಬೂದಿ ಕೊಳ ಸೇರುತ್ತದೆ. 2020ರ ಏಪ್ರಿಲ್‌ನಲ್ಲಿ ಮಧ್ಯಪ್ರದೇಶದ ಸಿಂಗ್ರೌಲಿ ಜಿಲ್ಲೆಯ ಸಾಸನ್‌ನಲ್ಲಿ ಇಂಥ ಕೊಳದ ಕಟ್ಟೆ ಒಡೆಯಿತು. ಜನ ಸತ್ತರು, ಹೊಲಗಳ ಮೇಲೆ ಬೂದಿಯ ಕೆಸರು ಹರಿಯಿತು.

ಹಾಗಾಗಿ ಕಲ್ಲಿದ್ದಲು ತೆಗೆದು ಬಿಟ್ಟ ತೆರೆದ ಗಣಿಗಳತ್ತ ಎಲ್ಲರ ಕಣ್ಣು. ಸಿಂಗ್ರೌಲಿಯದೇ ಗೋರ್ಬಿ ಗಣಿಗೆ ವಿಂಧ್ಯಾಚಲ ಸ್ಥಾವರದ ಬೂದಿ ಹೋಗುತ್ತದೆ. ಒಡಿಶಾದ ತಾಲ್ಚೇರ್ ಬಳಿಯ ಸೌತ್ ಬಲಂಡಾ ಗಣಿಗೂ ತುಂಬಿದ್ದಾರೆ. ಅಂಥ ಯೋಜನೆ ತಯಾರಾಗುವುದು ಹೇಗೆ?

ಗುಂಡಿಯಲ್ಲಿ ಎಷ್ಟು ಟನ್ ಹಿಡಿಯುತ್ತದೆ ಎಂಬುದನ್ನೇ ಎಲ್ಲರೂ ಮೊದಲು ಕೇಳುತ್ತಾರೆ. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ನೋಡಬೇಕಾದ್ದು ನೀರು.

ಗಣಿಯ ಸುತ್ತ ಕೊಳವೆಬಾವಿ ಕೊರೆಯಬೇಕು. ಅಂತರ್ಜಲ ಹರಿದು ಬರುವ ಕಡೆಗೂ ಬೇಕು, ಹರಿದು ಹೋಗುವ ಕಡೆಗೂ ಬೇಕು. ಒಂದು ಲಾರಿ ಬೂದಿ ಬೀಳುವ ಮೊದಲೇ, ಬೇಸಿಗೆಯಲ್ಲೂ ಮಳೆಗಾಲದಲ್ಲೂ ನೀರು ಪರೀಕ್ಷಿಸಿ ಬರೆದಿಡಬೇಕು. ಈ ದಾಖಲೆ ಇಲ್ಲದಿದ್ದರೆ, ಮುಂದೆ ಊರವರ ಬಾವಿ ಕೆಟ್ಟಾಗ ಯಾರಿಂದ ಕೆಟ್ಟಿತು ಎಂದು ತೋರಿಸುವುದು ಬಹಳ ಕಷ್ಟ.

ಆಮೇಲೆ ಬೂದಿಯ ಪರೀಕ್ಷೆ. ಅದರಲ್ಲಿ ಆರ್ಸೆನಿಕ್, ಸೆಲೆನಿಯಂ, ಸೀಸ, ಕ್ರೋಮಿಯಂ, ಬೋರಾನ್ ಇರಬಹುದು. ಎಷ್ಟಿದೆ ಎಂದು ತಿಳಿದರೆ ಸಾಲದು, ನೀರಿಗೆ ಎಷ್ಟು ಬಿಡುತ್ತದೆ ಎಂದು ತಿಳಿಯಬೇಕು. ಗೋರ್ಬಿಯಂಥ ಗಣಿಯಲ್ಲಿ ಗಂಧಕದ ಅಂಶದಿಂದ ನೀರು ಆಮ್ಲವಾಗಿರುತ್ತದೆ. ಕ್ಷಾರ ಗುಣದ ಬೂದಿ ಬಿದ್ದರೆ ಹುಳಿ ತಗ್ಗುತ್ತದೆ, ಇದು ಲಾಭವೇ. ಆದರೆ ನೀರು ಕ್ಷಾರವಾಗುತ್ತಾ ಹೋದರೆ ಆರ್ಸೆನಿಕ್, ಸೆಲೆನಿಯಂ ಕರಗಿ ಹೊರಬರುವುದು ಜಾಸ್ತಿಯಾಗಬಹುದು. ಅದಕ್ಕೇ ಲ್ಯಾಬಿನ ಶುದ್ಧ ನೀರಿನಲ್ಲಿ ಮಾತ್ರವಲ್ಲ, ಅದೇ ಗುಂಡಿಯ ನೀರಿನಲ್ಲೂ ಬೂದಿ ನೆನೆಸಿ ನೋಡಬೇಕು.

ತಳದ ಬಂಡೆ ಬಿರುಕು ಬಿಟ್ಟಿದ್ದರೆ ಜೇಡಿಮಣ್ಣು ಗಟ್ಟಿಸಬೇಕು, ಇಲ್ಲವೇ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಬೇಕು. ನೀರು ತುಂಬಿ ನಿಂತ ಆಳದ ಗುಂಡಿಯಲ್ಲಿ ಇದು ಸುಲಭವಲ್ಲ. ಹತ್ತಿರದ ಊರು ಅದೇ ಅಂತರ್ಜಲ ಕುಡಿಯುತ್ತಿದ್ದರೆ, ಆ ಗುಂಡಿ ಬೇಡ ಎನ್ನುವ ಧೈರ್ಯವೂ ಎಂಜಿನಿಯರ್‌ಗೆ ಬೇಕು.

ತುಂಬುವ ದಾರಿ ಎರಡು. ನೀರಲ್ಲಿ ಕಲಸಿ ಪೈಪಿನಲ್ಲಿ ಕಳಿಸಿದರೆ ದೂಳಿಲ್ಲ, ಆದರೆ ನೀರು ವಿಪರೀತ ಬೇಕು. ಮೇಲೆ ತಿಳಿಯಾಗಿ ನಿಂತ ನೀರನ್ನು ಪಂಪ್ ಮಾಡಿ ಸ್ಥಾವರಕ್ಕೇ ವಾಪಸ್ ಕೊಡಬೇಕು. ಮಂದವಾಗಿ ಕಲಸಿದಷ್ಟೂ ಬಿಡುವ ನೀರು ಕಡಿಮೆ. ಒಣ ಬೂದಿಯಾದರೆ ಸ್ವಲ್ಪ ತೇವ ಮಾಡಿ, ಟಾರ್ಪಾಲು ಹೊದಿಸಿದ ಲಾರಿಯಲ್ಲಿ ತಂದು, ತೆಳು ಪದರಗಳಾಗಿ ಹರಡಿ ರೋಲರ್ ಹೊಡೆಯಬೇಕು. ಸುಮ್ನೆ ಸುರಿದ ಸಡಿಲ ಬೂದಿಗೆ ನೀರು ಸೇರಿದರೆ ಅದು ಕೆಸರಿನಂತೆ ಜಾರುತ್ತದೆ. ಪಕ್ಕದಲ್ಲೇ ಗಣಿ ಕೆಲಸ ನಡೆಯುತ್ತಿದ್ದರೆ ಕಾರ್ಮಿಕರ ಜೀವಕ್ಕೇ ಅಪಾಯ. ನಡುವೆ ಗಟ್ಟಿ ತಡೆ ಉಳಿಸಲೇಬೇಕು, ಗಣಿ ಸುರಕ್ಷತಾ ಇಲಾಖೆಯ ಒಪ್ಪಿಗೆಯೂ ಬೇಕು. ಮಳೆನೀರು ಒಳಗೆ ನುಗ್ಗದಂತೆ ಸುತ್ತ ಚರಂಡಿ ತೋಡಬೇಕು.

ತುಂಬಿದ ಮೇಲೆ ಜೇಡಿಮಣ್ಣು, ಅದರ ಮೇಲೆ ಗಣಿ ಶುರುವಾದಾಗ ತೆಗೆದಿಟ್ಟ ಮೇಲ್ಮಣ್ಣು, ಆಮೇಲೆ ಹುಲ್ಲು, ಗಿಡ. ತಿನ್ನುವ ಬೆಳೆ ಬೇಡ. ಬಾವಿಗಳ ಪರೀಕ್ಷೆ ಮಾತ್ರ ವರ್ಷಗಟ್ಟಲೆ ನಡೆಯಬೇಕು. ಅದರ ಹಣವನ್ನು ಯೋಜನೆಯಲ್ಲೇ ತೆಗೆದಿಡಬೇಕು, ಫಲಿತಾಂಶವನ್ನು ಗ್ರಾಮ ಪಂಚಾಯಿತಿಗೂ ಕೊಡಬೇಕು.